ಲ್ಯಾಬಿನ ಕುರಿಮರಿ ಗದಗಿನ ಹಟ್ಟಿಗೆ ಬರುತ್ತಾ?

2025ರ ಮೇ ತಿಂಗಳಲ್ಲಿ ಶ್ರೀನಗರದಿಂದ ಒಂದು ಸುದ್ದಿ ಬಂತು. ಅಲ್ಲಿನ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜೀನ್ ತಿದ್ದಿದ ದೇಶದ ಮೊದಲ ಕುರಿಮರಿಯನ್ನು ತೋರಿಸಿದರು. 2024ರ ಡಿಸೆಂಬರಿನಲ್ಲಿ ಹುಟ್ಟಿದ ಆ ಮರಿಯ ಹೆಸರು ತರ್ಮೀಮ್. ಮಾಂಸಖಂಡ ಅತಿಯಾಗಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಜೀನನ್ನು ಅದರಲ್ಲಿ ತಿದ್ದಿದ್ದಾರೆ. ಇದರಿಂದ ಮಾಂಸ ಸುಮಾರು ಶೇ 30ರಷ್ಟು ಜಾಸ್ತಿ ತುಂಬಿಕೊಳ್ಳುತ್ತದೆ ಅನ್ನೋದು ಅವರ ಲೆಕ್ಕ.

ಈ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಜೊತೆಗೆ ಇನ್ನೂ ನಾಲ್ಕಾರು ವಿಷಯ ಸೇರಿಕೊಂಡವು. ಕುರಿಗೂ ಆಕಳಿನ ಹಾಗೆ ಇಂಜೆಕ್ಷನ್ ಕೊಟ್ಟು ಗಬ್ಬ ಮಾಡಿಸಬಹುದಂತೆ. ಡಾರ್ಪರ್ ಎಂಬ ವಿದೇಶಿ ತಳಿಯ ಟಗರಿನ ವೀರ್ಯ ಸ್ಟ್ರಾದಲ್ಲಿ, ಅಂದರೆ ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ ಸಣ್ಣ ಕೊಳವೆಯಲ್ಲಿ, ಸಿಗುತ್ತದಂತೆ. ಟೆಸ್ಟ್‌ಟ್ಯೂಬ್ ಮರಿ ಬರುತ್ತದಂತೆ. ಇನ್ನು ಮೇಲೆ ಎಲ್ಲ ಕುರಿಯೂ ಅವಳಿ ಹಾಕುತ್ತವಂತೆ. ಇದಕ್ಕೆಲ್ಲ ಕೇಂದ್ರ ಸರ್ಕಾರ 50 ಲಕ್ಷ ಸಬ್ಸಿಡಿ ಕೊಡುತ್ತದಂತೆ. ಇದರಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಯಾವುದು ಯಾವುದು ಅಂತ ತಿಳಿಯದಂತಾಗಿದೆ.

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಇದು ಸುಮ್ನೆ ಕಟ್ಟೆಯ ಮೇಲಿನ ಹರಟೆಯಲ್ಲ. 2019ರ ಜಾನುವಾರು ಗಣತಿ ಪ್ರಕಾರ ರಾಜ್ಯದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ಮೂರನೇ ಸ್ಥಾನ. ಮುಂಡರಗಿ, ರೋಣ, ಶಿರಹಟ್ಟಿ, ರಾಣೆಬೆನ್ನೂರು ಕಡೆ ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳ ಒಲೆ ಉರಿಯೋದು ಕುರಿಯಿಂದ. ಮರಿ ತಂದು ಮೇಯಿಸಿ ಮಾರುವ ಕಸುಬಿಗೆ ಈಗ ಡಿಗ್ರಿ ಓದಿದ ಹುಡುಗರೂ ಇಳಿದಿದ್ದಾರೆ. ಯಾರಾದರೂ ಬಂದು ಸ್ಟ್ರಾ ತೋರಿಸಿ ದುಡ್ಡು ಕೇಳಿದರೆ ಏನು ನಂಬಬೇಕು, ಏನು ಬಿಡಬೇಕು ಅಂತ ಇವರಿಗೆ ಗೊತ್ತಿರಬೇಕಲ್ವಾ?

ಗಂಟು ಬಿಚ್ಚಿದರೆ

ಕೃತಕ ಗರ್ಭಧಾರಣೆ ಎಲ್ಲಕ್ಕಿಂತ ಸರಳ. ಟಗರಿನಿಂದ ವೀರ್ಯ ಸಂಗ್ರಹಿಸಿ, ಬೆದೆಗೆ ಬಂದ ಕುರಿಯೊಳಗೆ ಕೊಳವೆಯಿಂದ ಬಿಡುವುದು. ತಾಯಿ ಅದೇ, ಗರ್ಭ ಅದೇ. ಟಗರು ಮಾತ್ರ ಹಟ್ಟಿಗೆ ಬರುವುದಿಲ್ಲ, ಅಷ್ಟೇ.

ಭ್ರೂಣ ವರ್ಗಾವಣೆ ಇನ್ನೊಂದು ಹೆಜ್ಜೆ ಮುಂದೆ. ಒಳ್ಳೆಯ ಕುರಿಯೊಂದಕ್ಕೆ ಹಾರ್ಮೋನು ಕೊಟ್ಟು ಒಂದೇ ಸಲ ಹಲವು ಅಂಡ ಬಿಡುವಂತೆ ಮಾಡುತ್ತಾರೆ. ಕಟ್ಟಿದ ಭ್ರೂಣಗಳನ್ನು ಹೊರತೆಗೆದು ಬೇರೆ ಸಾಧಾರಣ ಕುರಿಗಳ ಹೊಟ್ಟೆಯಲ್ಲಿ ಬೆಳೆಸುತ್ತಾರೆ. ಅಂಡವನ್ನೇ ಹೊರಗೆ ತೆಗೆದು ಗಾಜಿನ ತಟ್ಟೆಯಲ್ಲಿ ವೀರ್ಯದ ಜೊತೆ ಸೇರಿಸಿದರೆ ಅದು ಐವಿಎಫ್, ಅಂದರೆ ಟೆಸ್ಟ್‌ಟ್ಯೂಬ್ ಮರಿ. ಕ್ಲೋನಿಂಗ್‌ನಲ್ಲಿ ತಂದೆಯೇ ಬೇಕಿಲ್ಲ. ಒಂದು ಕುರಿಯ ಜೀವಕೋಶದಿಂದ ಅದೇ ಗುಣದ ಇನ್ನೊಂದು ಕುರಿಯನ್ನು ಬೆಳೆಸುವುದು. 1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಹುಟ್ಟಿದ್ದು ಹೀಗೆ.

ಜೀನ್ ತಿದ್ದುಪಡಿಯ ಜಾತಿಯೇ ಬೇರೆ. ಮೊದಲ ನಾಲ್ಕರಲ್ಲಿ ಇದ್ದ ಗುಣವನ್ನೇ ಬೇಗ ಹಬ್ಬಿಸುತ್ತಾರೆ. ಇದರಲ್ಲಿ ಗುಣವನ್ನೇ ಬದಲಿಸುತ್ತಾರೆ. ಆದರೆ ತಿದ್ದಿದ ಭ್ರೂಣವನ್ನು ಬೆಳೆಸಲು ಐವಿಎಫ್, ಭ್ರೂಣ ವರ್ಗಾವಣೆ ಎರಡೂ ಬೇಕು. ತರ್ಮೀಮ್ ಸುದ್ದಿಯಲ್ಲಿ ಈ ಹೆಸರುಗಳೆಲ್ಲ ಒಟ್ಟಿಗೆ ಕೇಳಿಬಂದಿದ್ದು ಅದಕ್ಕೇ. ಐವಿಎಫ್ ಅಂದ ಕೂಡಲೇ ಕೆಲವರಿಗೆ 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ ನೆನಪಾಗುತ್ತದೆ. ಅದು ಮನುಷ್ಯರಿಗೆ ಮಾತ್ರ. ಕುರಿಗೂ ಅದಕ್ಕೂ ಸಂಬಂಧವಿಲ್ಲ.

ಆಕಳಿಗೆ ಆಗೋದು ಕುರಿಗೆ ಯಾಕಾಗಲ್ಲ?

ಇದು ಎಲ್ಲರೂ ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೂ ಹೌದು. ಆಕಳು, ಎಮ್ಮೆಗೆ ಊರೂರಲ್ಲಿ ಕೃತಕ ಗರ್ಭಧಾರಣೆ ನಡೆಯುತ್ತಿದೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿಟ್ಟ ಸ್ಟ್ರಾ ತಂದು, ಕರಗಿಸಿ, ಐದು ನಿಮಿಷದಲ್ಲಿ ಕೆಲಸ ಮುಗಿಸಿ ಹೋಗುತ್ತಾರೆ. ಕುರಿಗೂ ಹಾಗೇ ಮಾಡಿದರೆ ಆಯ್ತಲ್ಲ?

ಆಗಲ್ಲ. ಕಾರಣ ಕುರಿಯ ಮೈಕಟ್ಟಿನಲ್ಲಿದೆ. ಆಕಳಿಗೆ ಮಾಡುವವರು ಒಂದು ಕೈಯನ್ನು ಗುದದ್ವಾರದ ಮೂಲಕ ಒಳಗೆ ಹಾಕಿ, ಗರ್ಭಕಂಠವನ್ನು ಹಿಡಿದುಕೊಂಡು, ಇನ್ನೊಂದು ಕೈಯಿಂದ ಕೊಳವೆಯನ್ನು ಅದರೊಳಗೆ ದಾಟಿಸುತ್ತಾರೆ. ಕುರಿಯ ಮೈ ಚಿಕ್ಕದು. ಕೈ ಹಾಕಲು ಜಾಗವೇ ಇಲ್ಲ. ಇನ್ನು ಅದರ ಗರ್ಭಕಂಠವಂತೂ ಅಂಕುಡೊಂಕಿನ ಓಣಿ ಇದ್ದ ಹಾಗೆ: ಒಂದರ ಹಿಂದೆ ಒಂದು ಐದಾರು ಬಾಗಿಲು, ಒಂದಕ್ಕೊಂದು ನೇರವಾಗಿಲ್ಲ. ಗಟ್ಟಿ ಮಡಿಕೆಗಳು ಕೊಳವೆಯನ್ನು ಮೊದಲನೆಯ ತಿರುವಿನಲ್ಲೇ ತಡೆಯುತ್ತವೆ. ಒತ್ತಿ ತಳ್ಳಿದರೆ ಗಾಯವಾಗುತ್ತದೆ.

ಹಾಗಾಗಿ ವೀರ್ಯವನ್ನು ಗರ್ಭಕಂಠದ ಬಾಯಲ್ಲೇ ಬಿಡಬೇಕು. ಅಲ್ಲಿಂದ ಗರ್ಭದವರೆಗೆ ವೀರ್ಯಾಣುಗಳು ತಾವೇ ಹೋಗಬೇಕು. ಆಗ ತಾನೇ ತೆಗೆದ ತಾಜಾ ವೀರ್ಯಕ್ಕೆ ಆ ಶಕ್ತಿ ಇರುತ್ತದೆ. ಆದರೆ ಟಗರಿನ ವೀರ್ಯಾಣುವಿನ ಪೊರೆ ನಾಜೂಕು. ಹೆಪ್ಪುಗಟ್ಟಿಸಿ ಕರಗಿಸಿದಾಗ ಬಹಳಷ್ಟು ಸಾಯುತ್ತವೆ. ಉಳಿದವಕ್ಕೂ ಆಯುಸ್ಸು ಕಡಿಮೆ. ಅಷ್ಟು ತಿರುವು ದಾಟುವಷ್ಟರಲ್ಲಿ ಸುಸ್ತಾಗಿಬಿಡುತ್ತವೆ.

ಇದರ ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. ತಾಜಾ ವೀರ್ಯವನ್ನು ಗರ್ಭಕಂಠದ ಬಾಯಲ್ಲಿ ಬಿಟ್ಟರೆ ನೂರಕ್ಕೆ ಐವತ್ತರ ಆಸುಪಾಸು ಕುರಿಗಳು ಗಬ್ಬ ಆಗುತ್ತವೆ. ಹೆಪ್ಪುಗಟ್ಟಿಸಿದ ವೀರ್ಯವನ್ನು ಅದೇ ಜಾಗದಲ್ಲಿ ಬಿಟ್ಟರೆ ಸಾಮಾನ್ಯವಾಗಿ ಹತ್ತರಿಂದ ಮೂವತ್ತು. ಆಡಿನ ಗರ್ಭಕಂಠ ಇಷ್ಟು ತೊಡಕಿನದಲ್ಲ. ಆಡಿಗೆ ಸ್ಟ್ರಾ ಕೆಲಸ ಮಾಡುತ್ತದೆ ಅಂದಮೇಲೆ ಕುರಿಗೂ ಮಾಡುತ್ತದೆ ಅಂತ ಹೇಳುವವರು ಈ ವ್ಯತ್ಯಾಸವನ್ನು ಮರೆಮಾಚುತ್ತಾರೆ, ಅಥವಾ ಅವರಿಗೇ ಗೊತ್ತಿರುವುದಿಲ್ಲ.

ಈ ಓಣಿಯನ್ನೇ ಬಿಟ್ಟು ಗರ್ಭಕ್ಕೆ ನೇರ ಹೋಗುವ ದಾರಿಯನ್ನು 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡುಕೊಂಡರು. ಅದು ಲ್ಯಾಪರೋಸ್ಕೋಪಿ. ಕುರಿಯನ್ನು ಹಿಂದಿನ ದಿನವೇ ಉಪವಾಸ ಕೆಡವುತ್ತಾರೆ. ಮರುದಿನ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ತಲೆ ಕೆಳಗಾಗಿ ಓರೆಯಾಗಿ ಮಲಗಿಸುತ್ತಾರೆ. ಕೆಚ್ಚಲ ಮುಂದೆ ಎರಡು ಸಣ್ಣ ತೂತು. ಒಂದರಿಂದ ಬೆಳಕಿನ ದುರ್ಬೀನು, ಇನ್ನೊಂದರಿಂದ ಸೂಜಿ. ಗರ್ಭಕೋಶ ಕಣ್ಣಿಗೆ ಕಂಡ ಮೇಲೆ ಅದರ ಎರಡೂ ಕೊಂಬಿಗೆ ಒಂದೊಂದು ಹನಿ ವೀರ್ಯ. ಕೈ ಪಳಗಿದವರಿಗೆ ಒಂದು ಕುರಿಗೆ ಕೆಲವೇ ನಿಮಿಷ ಸಾಕು. ಹೆಪ್ಪುಗಟ್ಟಿಸಿದ ವೀರ್ಯದಿಂದಲೂ ಹೀಗೆ ನೂರಕ್ಕೆ 50ರಿಂದ 70 ಗಬ್ಬ ಕಟ್ಟುತ್ತದೆ. ಆದರೆ ಇದು ಶಸ್ತ್ರಚಿಕಿತ್ಸೆಯ ಸಾಲಿಗೆ ಸೇರಿದ ಕೆಲಸ. ಪಶುವೈದ್ಯರು ಬೇಕು, ಸಲಕರಣೆ ಬೇಕು, ಅರಿವಳಿಕೆ ಬೇಕು. ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಬಂದು ಮಾಡಿ ಹೋಗುವುದಲ್ಲ.

ಬೇರೆ ದಾರಿ ಹಿಡಿದ ದೇಶಗಳೂ ಇವೆ. ಫ್ರಾನ್ಸಿನಲ್ಲಿ ರೋಕ್‌ಫೋರ್ ಚೀಸಿಗೆ ಹಾಲು ಕೊಡುವ ಲಕೋನ್ ಕುರಿಗಳಿಗೆ ಪ್ರತಿ ವರ್ಷ ಲಕ್ಷಗಟ್ಟಲೆ ಕೃತಕ ಗರ್ಭಧಾರಣೆ ನಡೆಯುತ್ತದೆ, ಎಲ್ಲವೂ ತಾಜಾ ವೀರ್ಯದಿಂದ. ನಾರ್ವೆಯಲ್ಲಿ ಹೆಪ್ಪುಗಟ್ಟಿಸಿದ ವೀರ್ಯವನ್ನು ಸಾಕುವವರೇ ಕೊಳವೆಯಿಂದ ಬಿಡುತ್ತಾರೆ, ಫಲಿತಾಂಶವೂ ಚೆನ್ನಾಗಿದೆ. ಅದು ಅಲ್ಲಿನ ತಳಿಯ ಗುಣ. ನಾರ್ವೆಯ ಅಂಕಿ ತೋರಿಸಿ ಬಳ್ಳಾರಿ ಕುರಿಗೆ ಸ್ಟ್ರಾ ಮಾರಿದರೆ ಅದು ಮೋಸ.

ಹದಿನೇಳು ದಿನದ ಚಕ್ರ, ಅಲೆಯುವ ಹಿಂಡು

ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರೋದು ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಆಕಳಿನ ಹಾಗೆ ಕೂಗುವುದಿಲ್ಲ, ಲೋಳೆ ಸುರಿಸುವುದಿಲ್ಲ. ಟಗರಿಗೆ ಮಾತ್ರ ಅದರ ಸುಳಿವು ಸಿಗುತ್ತದೆ. ನೂರು ಕುರಿಯ ಹಿಂಡಿನಲ್ಲಿ ದಿನಕ್ಕೆ ಐದಾರು ಬೆದೆಗೆ ಬಂದರೆ ಪ್ರತಿ ದಿನ ಬೆಳಿಗ್ಗೆ ಯಾರು ಬಂದು ಮಾಡಬೇಕು?

ಇದಕ್ಕೆ ಪರಿಹಾರ ಎಲ್ಲವನ್ನೂ ಒಂದೇ ದಿನ ಬೆದೆಗೆ ತರುವುದು. ಪ್ರೊಜೆಸ್ಟರಾನ್ ಹಾರ್ಮೋನು ಅದ್ದಿದ ಸಣ್ಣ ಸ್ಪಂಜನ್ನು ಯೋನಿಯೊಳಗೆ 12ರಿಂದ 14 ದಿನ ಇಡುತ್ತಾರೆ. ಅದು ಇರುವಷ್ಟು ದಿನ ಬೆದೆ ಬರುವುದಿಲ್ಲ. ತೆಗೆದ ದಿನ ಗಬ್ಬದ ಕುದುರೆಯ ರಕ್ತದಿಂದ ತಯಾರಿಸಿದ ಇನ್ನೊಂದು ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಎರಡು ದಿನದ ಆಸುಪಾಸಿನಲ್ಲಿ ಬಹುತೇಕ ಕುರಿಗಳು ಬೆದೆಗೆ ಬರುತ್ತವೆ. ಆಗ ಗಡಿಯಾರ ನೋಡಿಕೊಂಡು ವೀರ್ಯ ಬಿಟ್ಟರಾಯಿತು. ಈ ಸ್ಪಂಜನ್ನು ಹೊರದೇಶದಿಂದ ತರಿಸಬೇಕಾಗಿಲ್ಲ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಇಲ್ಲೇ ತಯಾರಿಸಿದೆ.

ಅಂದರೆ ಸುಮಾರು ಹದಿನಾರು ದಿನದೊಳಗೆ ಒಂದೇ ಹಿಂಡನ್ನು ಮೂರು ಸಲ ಹಿಡಿದು ನಿಲ್ಲಿಸಬೇಕು. ಶೆಡ್ಡಿನಲ್ಲಿ ಕಟ್ಟಿ ಮೇಯಿಸುವವರಿಗೆ ಇದು ಕಷ್ಟವಲ್ಲ. ನಮ್ಮ ಭಾಗದ ದೊಡ್ಡ ಹಿಂಡುಗಳು ಅಲೆಯುತ್ತವೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬಿ, ಗೊಬ್ಬರಕ್ಕೆ ಕಾಳು ಅಥವಾ ದುಡ್ಡು ಇಸಕೊಂಡು ಮುಂದಿನ ಊರಿಗೆ ಹೋಗುತ್ತವೆ. ಮುಂಡರಗಿಯಲ್ಲಿ ಸ್ಪಂಜ್ ಇಟ್ಟ ಹಿಂಡು ತೆಗೆಯುವ ದಿನಕ್ಕೆ ಹಾನಗಲ್ಲಿನ ಕಡೆ ಇರಬಹುದು. ತಾಜಾ ವೀರ್ಯಕ್ಕೋ ಕೆಲವೇ ಗಂಟೆಗಳ ಆಯುಸ್ಸು. ಧಾರವಾಡದಲ್ಲಿ ಬೆಳಿಗ್ಗೆ ಸಂಗ್ರಹಿಸಿ ಜೀಪಿನಲ್ಲಿ ಮುಂಡರಗಿಗೆ ಒಯ್ದರೆ ಎರಡು ಗಂಟೆ ದಾರಿಯಲ್ಲೇ ಹೋಗುತ್ತದೆ. ಆಮೇಲೆ ಹಿಂಡು ಯಾವ ಹೊಲದಲ್ಲಿದೆ ಅಂತ ಹುಡುಕಬೇಕು.

ನೂರು ಕುರಿಯ ಲೆಕ್ಕ

ಲೆಕ್ಕಕ್ಕಾಗಿ ನೂರು ಕುರಿ ತೆಗೆದುಕೊಳ್ಳೋಣ. ಟಗರು ಬಿಟ್ಟರೆ ಒಂದು ಬೆದೆಗೆ ನೂರಕ್ಕೆ ಅರವತ್ತು ಗಬ್ಬ ಆದವು ಅಂತಿಟ್ಟುಕೊಳ್ಳಿ. ಉಳಿದ ನಲವತ್ತು 17 ದಿನ ಬಿಟ್ಟು ಮತ್ತೆ ಬೆದೆಗೆ ಬರುತ್ತವೆ. ಅದರಲ್ಲಿ 24 ಗಬ್ಬ. ಮೂರನೇ ಸಲ ಇನ್ನೂ ಹತ್ತು. ಐವತ್ತು ದಿನದಲ್ಲಿ 94 ಕುರಿ ಗಬ್ಬ. ಟಗರಿಗೆ ಮೂರು ಅವಕಾಶ ಸಿಕ್ಕಿತು, ಅದಕ್ಕೆ ಯಾರೂ ಸಂಬಳ ಕೊಡಲಿಲ್ಲ.

ಕೃತಕ ಗರ್ಭಧಾರಣೆಗೆ ಸಿಗೋದು ಒಂದೇ ಅವಕಾಶ. ಸ್ಪಂಜು, ಇಂಜೆಕ್ಷನ್ನು, ವೀರ್ಯ, ಬರುವವರ ಖರ್ಚು ಎಲ್ಲ ಸೇರಿ ಒಂದು ಕುರಿಗೆ 500 ರೂಪಾಯಿ ಆಯ್ತು ಅಂದುಕೊಳ್ಳಿ. ನೂರಕ್ಕೆ ಅರವತ್ತು ಗಬ್ಬ ಆದರೆ ಗಬ್ಬ ಆದ ಒಂದು ಕುರಿಗೆ ಬಿದ್ದ ಖರ್ಚು ಸುಮಾರು 833 ರೂಪಾಯಿ. ಇಪ್ಪತ್ತು ಮಾತ್ರ ಆದರೆ 2,500 ರೂಪಾಯಿ. ಸ್ಟ್ರಾದ ದರ ಒಂದೇ, ಮರಿಯ ಖರ್ಚು ಮೂರು ಪಟ್ಟು. ಅದಕ್ಕೇ ಸ್ಟ್ರಾ ಎಷ್ಟು ಅನ್ನೋದಕ್ಕಿಂತ ನೂರಕ್ಕೆ ಎಷ್ಟು ನಿಲ್ಲುತ್ತವೆ ಅನ್ನೋದು ದೊಡ್ಡ ಪ್ರಶ್ನೆ. ಉಳಿದ ನಲವತ್ತೋ ಎಂಬತ್ತೋ ಕುರಿಗೆ ಹೇಗೂ ಟಗರು ಬೇಕೇ ಬೇಕು. ಟಗರು ಸಾಕುವ ಖರ್ಚು ಉಳಿಯುತ್ತದೆ ಅನ್ನುವ ಮಾತು ಕುರಿಯ ವಿಷಯದಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಲಾಭ ಎಲ್ಲಿ? ಟಗರಿನ ಗುಣದಲ್ಲಿ. ಒಂದು ಸಲಕ್ಕೆ ಟಗರು ಕೊಡುವ ವೀರ್ಯ ಸುಮಾರು ಒಂದು ಮಿಲಿಲೀಟರ್. ಅದರಲ್ಲಿ 300 ಕೋಟಿಗೂ ಮಿಕ್ಕಿ ವೀರ್ಯಾಣುಗಳಿರುತ್ತವೆ. ಹದವಾಗಿ ತೆಳು ಮಾಡಿದರೆ ಹದಿನೈದು ಇಪ್ಪತ್ತು ಕುರಿಗೆ ಸಾಕು. ಹಿಂಡಿನಲ್ಲಿ ಒಂದು ಟಗರಿಗೆ 25-30 ಕುರಿ. ಕೃತಕ ಗರ್ಭಧಾರಣೆಯಲ್ಲಿ ಅದೇ ಟಗರು ವರ್ಷಕ್ಕೆ ನೂರಾರು ಮರಿಗೆ ತಂದೆಯಾಗಬಹುದು. ಆ ಟಗರು ನಿಜವಾಗಿಯೂ ಒಳ್ಳೆಯದಾಗಿದ್ದರೆ ಅದರ ಗುಣ ಊರಿಗೆಲ್ಲ ಹಂಚುತ್ತದೆ. ಕೆಟ್ಟದಾಗಿದ್ದರೆ ಕೆಟ್ಟದ್ದೂ ಅಷ್ಟೇ ವೇಗದಲ್ಲಿ ಹಂಚುತ್ತದೆ.

ಒಳ್ಳೆ ಟಗರು ಸಂತೆಗೆ, ಉಳಿದದ್ದು ಹಿಂಡಿಗೆ

ನಿಜವಾದ ಅಡಚಣೆ ಇಲ್ಲಿದೆ. ಇದರ ಬಗ್ಗೆ ಮಾತಾಡುವವರು ಕಡಿಮೆ.

ಅಮೀನಗಡದ ಸಂತೆಗೋ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೋ ಮರಿ ಹೊರಡುವ ಮುಂಚೆ ಹಟ್ಟಿಯಲ್ಲಿ ಏನು ನಡೆಯುತ್ತದೆ ನೋಡಿ. ವ್ಯಾಪಾರಿ ಬರುತ್ತಾನೆ. ಮೂರು ನಾಲ್ಕು ತಿಂಗಳ ಗಂಡು ಮರಿಗಳ ಬೆನ್ನೆಲುಬಿನ ಮೇಲೆ ಕೈಯಾಡಿಸಿ, ಸೊಂಟ ಹಿಚುಕಿ ಮಾಂಸ ನೋಡುತ್ತಾನೆ. ಬೇಗ ಬೆಳೆದ, ಎಲುಬು ದಪ್ಪನೆಯ, ಚುರುಕಿನ ಮರಿಯನ್ನು ಮೊದಲು ಆರಿಸುತ್ತಾನೆ. ಒಳ್ಳೆಯ ರೇಟು ಸಿಗುವುದು ಅದಕ್ಕೇ. ಬಕ್ರೀದ್, ದ್ಯಾಮವ್ವನ ಜಾತ್ರೆ ಹತ್ತಿರ ಬಂದರಂತೂ ಒಳ್ಳೆಯದು ಒಂದೂ ಉಳಿಯುವುದಿಲ್ಲ. ಕೊನೆಗೆ ಯಾರೂ ಕೊಳ್ಳದೆ ಹಿಂದೆ ಬಿದ್ದ ಮರಿಯೇ ಬೆಳೆದು ಹಿಂಡಿನ ಟಗರು ಆಗುತ್ತದೆ. ವರ್ಷದಿಂದ ವರ್ಷಕ್ಕೆ ಹೀಗೇ ನಡೆದರೆ ನಿಧಾನ ಬೆಳೆಯುವ ಗುಣವನ್ನೇ ನಾವು ಆರಿಸಿ ಉಳಿಸಿದಂತಾಯಿತು. ಮಾರುವವನ ತಪ್ಪು ಅಂತಲ್ಲ. ಇಂದಿನ ದುಡ್ಡು ಬಿಟ್ಟು ಎರಡು ವರ್ಷದ ನಂತರದ ಮರಿಗಾಗಿ ಕಾಯಲು ಎಷ್ಟು ಜನರಿಗೆ ಸಾಧ್ಯ?

ಬೀಜಕ್ಕೆ ಅಂತಲೇ ಟಗರು ಆರಿಸುವವರೂ ಕಣ್ಣಿನಿಂದ ಆರಿಸುತ್ತಾರೆ. ಎತ್ತರ, ಉಬ್ಬಿದ ಮೂಗು, ಕೊಂಬಿನ ಸುತ್ತು, ಬಣ್ಣ. ಕಾಳಗದ ಟಗರಿನ ಹುಚ್ಚು ಬೇರೆ ಇದೆ. ಆದರೆ ಅದರ ತಾಯಿ ಎಷ್ಟು ಮರಿ ಹಾಕಿತ್ತು, ಮೂರು ತಿಂಗಳಿಗೆ ಅದು ಎಷ್ಟು ಕಿಲೋ ತೂಗಿತ್ತು ಅಂತ ಕೇಳಿದರೆ ಉತ್ತರವಿಲ್ಲ. ಹಿಂಡಿನಲ್ಲಿ ಮೂರ್ನಾಲ್ಕು ಟಗರು ಒಟ್ಟಿಗೆ ಇದ್ದರೆ ಯಾವ ಮರಿ ಯಾವುದರದ್ದು ಅನ್ನೋದೂ ಗೊತ್ತಿಲ್ಲ. ಆಕಳಿನ ತಳಿ ಕಾರ್ಯಕ್ರಮದಲ್ಲಿ ಹೋರಿಯ ತಾಯಿ ಎಷ್ಟು ಲೀಟರ್ ಕರೆಯುತ್ತಿತ್ತು ಅನ್ನೋ ದಾಖಲೆ ಇರುತ್ತದೆ. ಕುರಿಯಲ್ಲಿ ಅಂಥ ದಾಖಲೆ ಸಂಶೋಧನಾ ಕೇಂದ್ರಗಳ ಗೋಡೆ ದಾಟಿ ಹೊರಗೆ ಬಂದಿದ್ದು ತೀರಾ ಕಡಿಮೆ.

ಕೃತಕ ಗರ್ಭಧಾರಣೆ ಗುಣ ಹಂಚುವ ಯಂತ್ರ. ಏನನ್ನು ಹಂಚಬೇಕು ಅಂತ ಅದು ಹೇಳುವುದಿಲ್ಲ. ಒಂದು ತಕ್ಕಡಿ, ಕಿವಿಗೆ 12 ಅಂಕಿಯ ಟ್ಯಾಗು, ಒಂದು ನೋಟ್‌ಬುಕ್ಕು. ಲ್ಯಾಪರೋಸ್ಕೋಪ್‌ಗಿಂತ ಮೊದಲು ಬರಬೇಕಾದದ್ದು ಇವು. ಇದರ ಬಗ್ಗೆ ವಾಟ್ಸ್ಆ್ಯಪ್ ಫಾರ್ವರ್ಡ್ ಬರುವುದಿಲ್ಲ, ಯಾಕೆಂದರೆ ಇದರಲ್ಲಿ ಚಮತ್ಕಾರವಿಲ್ಲ.

ಅವಳಿ ಮರಿಯ ಜೀನು

ಎಲ್ಲ ಕುರಿಯೂ ಅವಳಿ ಹಾಕುತ್ತವೆ ಅನ್ನುವ ಮಾತಿಗೆ ಒಂದು ಗಟ್ಟಿ ಆಧಾರವಿದೆ. ಸುಂದರಬನದ ಗರೋಲ್ ಎಂಬ ಪುಟ್ಟ ಕುರಿಯಲ್ಲಿ ಫೆಕ್‌ಬಿ ಅನ್ನುವ ಜೀನು ಇದೆ. ಅದು ಒಂದು ಸಲಕ್ಕೆ ಒಂದಕ್ಕಿಂತ ಹೆಚ್ಚು ಅಂಡ ಬಿಡಿಸುತ್ತದೆ. 18ನೇ ಶತಮಾನದ ಕೊನೆಗೆ ಬಂಗಾಳದಿಂದ ಆಸ್ಟ್ರೇಲಿಯಾಕ್ಕೆ ಹೋದ ಕುರಿಗಳ ಮೂಲಕ ಇದೇ ಜೀನು ಅಲ್ಲಿನ ಬೂರೂಲಾ ಮೆರಿನೋ ಎಂಬ ಕುರಿ ತಳಿಗೆ ಬಂತು. 2001ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದ ಮೇಲೆ ರಕ್ತದ ಒಂದು ಹನಿಯಿಂದ ಪತ್ತೆ ಹಚ್ಚುವುದು ಸುಲಭವಾಯಿತು.

ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಈ ಜೀನನ್ನು ನಮ್ಮದೇ ಡೆಕ್ಕನಿ ಕುರಿಗೆ ತಂದು 'ನಾರಿ ಸುವರ್ಣ' ತಳಿ ಬೆಳೆಸಿದೆ. ಇದರಲ್ಲಿ ಜೀನು ತಿದ್ದುವ ಲ್ಯಾಬಿನ ಕತ್ತರಿ ಇಲ್ಲ. ತಲೆಮಾರುಗಳ ಕಾಲ ಜೋಡಿ ಮಾಡಿ, ಪರೀಕ್ಷಿಸಿ, ಆರಿಸಿದ ಕೆಲಸ. ಜೀನಿನ ಎರಡು ಪ್ರತಿ ಇರುವ ಟಗರನ್ನು ಹಿಂಡಿಗೆ ಬಿಟ್ಟರೆ ಅದರ ಎಲ್ಲ ಹೆಣ್ಣು ಮರಿಗಳಿಗೂ ಒಂದು ಪ್ರತಿ ಖಂಡಿತ ಬರುತ್ತದೆ. ಮುಂದೆ ಆ ಹೆಣ್ಣುಗಳಲ್ಲಿ ಬಹಳಷ್ಟು ಅವಳಿ ಹಾಕುತ್ತವೆ. ಅಂದರೆ ಇಲ್ಲಿ ವೀರ್ಯದ ಸ್ಟ್ರಾ ಕೂಡ ಬೇಕಾಗಿಲ್ಲ, ಪರೀಕ್ಷೆಯಾದ ಒಂದು ಟಗರು ಸಾಕು.

ಆದರೆ ಎರಡನೇ ಮರಿಗೆ ಹಾಲು ಬೇಕು. ದಿನವೆಲ್ಲ ನಡೆದು ಕೂಳೆ ಮೇಯುವ ಕುರಿಗೆ ಒಂದು ಮರಿಗೆ ಸಾಲುವಷ್ಟೇ ಹಾಲು. ತಾಯಿಗೆ ಮೇಲುಮೇವು ಕೊಡದಿದ್ದರೆ ಎರಡೂ ಸೊರಗುತ್ತವೆ, ಚಿಕ್ಕದು ಮೊದಲ ವಾರದಲ್ಲೇ ಹೋಗುತ್ತದೆ. ಮನೆ ಹತ್ತಿರ ಹತ್ತಿಪ್ಪತ್ತು ಕುರಿ ಕಟ್ಟಿ, ಶೇಂಗಾ ಹೊಟ್ಟು, ಮೆಕ್ಕೆಜೋಳದ ನುಚ್ಚು ಹಾಕುವವರಿಗೆ ಈ ಜೀನು ದೊಡ್ಡ ವರ. ಇನ್ನೂರು ಕುರಿ ಹೊಡೆದುಕೊಂಡು ಊರೂರು ಅಲೆಯುವವರಿಗೆ ಮರಿ ಹೊರುವುದೇ ಕೆಲಸವಾಗುತ್ತದೆ. ಒಂದೇ ಜೀನು, ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಹೊರೆ.

ಡಾರ್ಪರ್ ಜಗಳ

ಈಗ ಹೆಚ್ಚು ಬಿಸಿಯಾಗಿರುವುದು ಈ ವಾದ. ಡಾರ್ಪರ್ 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಡಾರ್ಸೆಟ್ ಹಾರ್ನ್ ಮತ್ತು ಬ್ಲ್ಯಾಕ್‌ಹೆಡ್ ಪರ್ಷಿಯನ್ ಸೇರಿಸಿ ಬೆಳೆಸಿದ ಮಾಂಸದ ತಳಿ. ಬೇಗ ತೂಕ ಬರುತ್ತದೆ, ಒಣ ಪ್ರದೇಶಕ್ಕೆ ಒಗ್ಗುತ್ತದೆ, ಉಣ್ಣೆ ತಾನೇ ಉದುರುತ್ತದೆ. ಪರ ಇರುವವರ ಮಾತು ಸರಳ: ಉಣ್ಣೆಗೆ ಬೆಲೆಯೇ ಇಲ್ಲ, ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ. ಮಾಂಸಕ್ಕೆ ಬೆಲೆ ಇದೆ. ಹಾಗಿದ್ದ ಮೇಲೆ ಮಾಂಸದ ತಳಿ ತರಲು ಹಿಂಜರಿಕೆ ಯಾಕೆ? ಜಮ್ಮು-ಕಾಶ್ಮೀರ ಸರ್ಕಾರವೇ ಡಾರ್ಪರ್, ಟೆಕ್ಸೆಲ್ ತಳಿಗಳನ್ನು ಹೊರದೇಶದಿಂದ ತರಿಸಿದೆಯಲ್ಲ ಅಂತಾರೆ.

ವಿರೋಧಿಸುವವರ ಮಾತಿನಲ್ಲೂ ತೂಕವಿದೆ. ಮಳೆಗಾಲದಲ್ಲಿ ಸಣ್ಣ ನೊಣಗಳಿಂದ ಹರಡುವ ನೀಲಿ ನಾಲಿಗೆ ರೋಗ ದಕ್ಷಿಣ ಭಾರತದಲ್ಲಿ ಹಳೆಯದು. ವಿದೇಶಿ ತಳಿಗಳಿಗೂ ಅವುಗಳ ಮಿಶ್ರತಳಿಗಳಿಗೂ ಅದು ಜವಾರಿ ಕುರಿಗಿಂತ ಜೋರಾಗಿ ಹೊಡೆಯುತ್ತದೆ. ದೇಶದಲ್ಲಿ ಉಣ್ಣೆ ಹೆಚ್ಚಿಸಲು ರಾಂಬುಲೆ, ಮೆರಿನೋ ತಂದು ಮಿಶ್ರ ಮಾಡಿದ ಕಾಲದಲ್ಲೇ ಈ ಪಾಠ ಸಿಕ್ಕಿದೆ. ಇನ್ನೊಂದು ವಿಷಯ ಮಿಶ್ರತಳಿಯ ಗಣಿತ. ಮೊದಲ ಪೀಳಿಗೆಯ ಮಿಶ್ರ ಮರಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಮಿಶ್ರಕ್ಕೆ ಮಿಶ್ರ ಕೂಡಿಸುತ್ತಾ ಹೋದರೆ ಆ ಹುರುಪು ಇಳಿಯುತ್ತದೆ. ಹಬ್ಬದ ಮಾರುಕಟ್ಟೆಯಲ್ಲಿ ಕೊಂಬಿನ ಟಗರಿಗೆ ಇರುವ ಬೇಡಿಕೆ ಕೊಂಬಿಲ್ಲದ್ದಕ್ಕೆ ಸಿಗುತ್ತದೆ ಅನ್ನೋ ಖಾತ್ರಿಯೂ ಇಲ್ಲ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯ ಕಂಬಳಿ ನೇಯುವವರಿಗೆ ಉಣ್ಣೆ ಉದುರುವ ಕುರಿಯಿಂದ ಏನೂ ಸಿಗುವುದಿಲ್ಲ.

ಇಬ್ಬರೂ ಬೇರೆ ಬೇರೆ ಕುರಿ ಸಾಕಣೆಯ ಬಗ್ಗೆ ಮಾತಾಡುತ್ತಿದ್ದಾರೆ. ಕೊಯ್ಯಲೆಂದೇ ಬೆಳೆಸುವ ಶೆಡ್ಡಿನ ಮರಿಗೆ ಡಾರ್ಪರ್ ತಂದೆ ಲೆಕ್ಕಕ್ಕೆ ಬರಬಹುದು. ಹಿಂಡಿನ ತಾಯಂದಿರಿಗೇ ಮಿಶ್ರರಕ್ತ ಸೇರಿದರೆ ವಾಪಸ್ ಬರಲು ದಾರಿ ಇಲ್ಲ. ಸ್ಟ್ರಾ ಬಂದರೆ ಈ ಎರಡರ ನಡುವಿನ ಬೇಲಿ ಕಾಯುವವರು ಯಾರು ಅನ್ನೋದೇ ಭಯ. ಟಗರನ್ನು ಲಾರಿಯಲ್ಲಿ ತರಬೇಕು, ದುಬಾರಿ ಬೆಲೆ ಕೊಡಬೇಕು, ಹಾಗಾಗಿ ಹರಡುವುದು ನಿಧಾನ. ಸ್ಟ್ರಾ ಬೈಕಿನ ಹಿಂದೆ ಕಟ್ಟುವ ಡಬ್ಬಿಯಲ್ಲಿ ಬರುತ್ತದೆ.

ಭ್ರೂಣ, ಕ್ಲೋನು, ಜೀನು

ಇವುಗಳ ಬಗ್ಗೆ ಸದ್ಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕುರಿಯಲ್ಲಿ ಭ್ರೂಣ ತೆಗೆಯಲೂ ಹೊಟ್ಟೆ ಕೊಯ್ಯಬೇಕು ಅಥವಾ ಲ್ಯಾಪರೋಸ್ಕೋಪ್ ಬೇಕು, ಕಾರಣ ಅದೇ ಗರ್ಭಕಂಠ. ಹಾರ್ಮೋನಿಗೆ ಒಂದು ಕುರಿ ಹತ್ತು ಅಂಡ ಬಿಟ್ಟರೆ ಇನ್ನೊಂದು ಒಂದೂ ಬಿಡುವುದಿಲ್ಲ. ಅಪರೂಪದ ತಳಿ ಉಳಿಸಲು, ಹೊರದೇಶದ ತಳಿಯನ್ನು ಭ್ರೂಣದ ರೂಪದಲ್ಲಿ ತರಲು ಇದು ಸರಿ. ಮಾಂಸದ ಲೆಕ್ಕದಲ್ಲಿ ಮಾರುವ ಪ್ರಾಣಿಗೆ ಹೊಂದುವುದಿಲ್ಲ. ಡಾಲಿ ಒಂದೇ ಹುಟ್ಟಲು 277 ಪ್ರಯತ್ನ ಬೇಕಾಯಿತು. ಕಾಶ್ಮೀರದಲ್ಲೇ 2012ರಲ್ಲಿ ನೂರಿ ಎಂಬ ಪಶ್ಮೀನಾ ಆಡಿನ ಕ್ಲೋನು ಹುಟ್ಟಿತು, ಅದರಿಂದ ಹಿಂಡೇನೂ ಬೆಳೆಯಲಿಲ್ಲ.

ತರ್ಮೀಮ್ ವಿಷಯದಲ್ಲಿ ಕಾನೂನಿನ ತೊಡಕೂ ಇದೆ. 2022ರ ಮಾರ್ಚಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಗಿನ ಜೀನು ಸೇರಿಸದೆ ತಿದ್ದಿದ ಬೆಳೆಗಳಿಗೆ 1989ರ ಜೈವಿಕ ಸುರಕ್ಷತಾ ನಿಯಮಗಳಿಂದ ಸಾಕಷ್ಟು ವಿನಾಯಿತಿ ಕೊಟ್ಟಿತು. 2025ರ ಮೇನಲ್ಲಿ ಎರಡು ಭತ್ತದ ತಳಿಗಳು ಹೊರಬಂದಿದ್ದು ಅದೇ ದಾರಿಯಲ್ಲಿ. ಆ ವಿನಾಯಿತಿ ಸಸ್ಯಗಳಿಗೆ ಮಾತ್ರ. ಕುರಿಗೆ ಅಂಥದ್ದು ಇಲ್ಲದೆ ತಿದ್ದಿದ ಮರಿ ಮಾರುಕಟ್ಟೆಗೆ ಬರುವುದು ದೂರದ ಮಾತು.

ಸಬ್ಸಿಡಿ ಯಾರ ಕಡೆ ವಾಲುತ್ತದೆ?

2021ರಲ್ಲಿ ಹೊಸ ರೂಪ ಪಡೆದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಎರಡು ಭಾಗಗಳಿವೆ. ಒಂದು, ಕುರಿ-ಆಡು ಫಾರ್ಮ್ ಹಾಕುವವರಿಗೆ ಬಂಡವಾಳದ ಶೇ 50 ಸಹಾಯಧನ. 100 ಹೆಣ್ಣು, 5 ಗಂಡಿನ ಘಟಕಕ್ಕೆ ಗರಿಷ್ಠ 10 ಲಕ್ಷ. 500 ಹೆಣ್ಣು, 25 ಗಂಡಿಗೆ 50 ಲಕ್ಷ. ಇನ್ನೊಂದು, ರಾಜ್ಯಗಳು ಕುರಿ-ಆಡಿನ ವೀರ್ಯ ಕೇಂದ್ರ ಕಟ್ಟಿಕೊಳ್ಳಲು, ಆಕಳಿಗೆ ಗರ್ಭಧಾರಣೆ ಮಾಡುವ ಈಗಿರುವ ಕೇಂದ್ರಗಳ ಮೂಲಕವೇ ಇದನ್ನು ಹಬ್ಬಿಸಲು ನೆರವು. ಎರಡನೆಯದರಲ್ಲಿ ಸಿಕ್ಕು ಎಲ್ಲಿದೆ ಅಂತ ಈಗ ಹೇಳಬೇಕಿಲ್ಲ. ಆಕಳಿಗೆ ಮಾಡುವ ಕೈಗೆ ಕುರಿಯ ಸ್ಟ್ರಾ ಕೊಟ್ಟರೆ ನೂರಕ್ಕೆ ಇಪ್ಪತ್ತು ನಿಲ್ಲುವ ದಾರಿಗೇ ಹೋಗುತ್ತೇವೆ. ಒಂದೆರಡು ವರ್ಷ ನೋಡಿ ಕುರಿಗಾಹಿಗಳು ಇದು ಬರೀ ನಾಟಕ ಅಂತ ಕೈಬಿಟ್ಟರೆ, ಮುಂದೆ ಸರಿಯಾದ ವಿಧಾನ ತಂದರೂ ಯಾರೂ ಹತ್ತಿರ ಸೇರಿಸುವುದಿಲ್ಲ.

ಮೊದಲ ಭಾಗದ ಹಣ ಬ್ಯಾಂಕ್ ಸಾಲ, ಜಮೀನಿನ ಕಾಗದ, ಶೆಡ್ಡು ಇರುವವರಿಗೆ ಸಿಗುತ್ತದೆ. ಸ್ಪಂಜು, ಇಂಜೆಕ್ಷನ್ನು ಕೆಲಸ ಮಾಡುವುದೂ ಶೆಡ್ಡಿನಲ್ಲೇ. ಹಾಗಾಗಿ ಮುಂದಿನ ವರ್ಷಗಳಲ್ಲಿ ಒಳ್ಳೆ ಟಗರು ತಯಾರಿಸುವ ಕೆಲಸ ಅಲೆಯುವ ಹಿಂಡಿನಿಂದ ಇಂಥ ಫಾರ್ಮ್‌ಗಳಿಗೆ ಸರಿಯುವ ಸಾಧ್ಯತೆ ಜಾಸ್ತಿ. ಇದು ಪೂರ್ತಿ ಕೆಟ್ಟದ್ದೇನಲ್ಲ. ಫಾರ್ಮಿನಲ್ಲಿ ತೂಕ, ತಂದೆ-ತಾಯಿಯ ದಾಖಲೆ ಇಡುವುದು ಸುಲಭ. ಅಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಟಗರು ಮರಿಗಳನ್ನು ಹಿಂಡಿನವರು ಕೊಂಡು ಸಹಜವಾಗಿ ಬಿಟ್ಟುಕೊಂಡರೆ ತಂತ್ರಜ್ಞಾನದ ಲಾಭ ಹಟ್ಟಿಯವರೆಗೆ ನಡೆದುಕೊಂಡೇ ಬರುತ್ತದೆ. ಆದರೆ ಬೆಲೆ ಕಟ್ಟುವವರು ಫಾರ್ಮಿನವರು, ಕೊಳ್ಳುವವರು ಕುರಿಗಾಹಿಗಳು ಅನ್ನುವ ಹೊಸ ಅಂತರ ಹುಟ್ಟುತ್ತದೆ. ಹಾವೇರಿ ತಾಲೂಕಿನ ಗುತ್ತಲದಲ್ಲಿರುವಂಥ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರಗಳು, ಗದಗಿನ ಪಶುವೈದ್ಯಕೀಯ ಕಾಲೇಜು ಇದರಲ್ಲಿ ಎಷ್ಟು ಕೈ ಹಾಕುತ್ತವೆ ಅನ್ನೋದರ ಮೇಲೆ ಆ ಬೆಲೆ ನಿಂತಿದೆ.

ಈ ನಡುವೆ ಸ್ಟ್ರಾ ಹಿಡಿದು ಬಾಗಿಲಿಗೆ ಬಂದವರನ್ನು ಕೇಳಲು ಕೆಲವು ನೇರ ಪ್ರಶ್ನೆಗಳಿವೆ. ವೀರ್ಯ ಬಿಡುವುದು ಕಂಠದಲ್ಲೋ, ಲ್ಯಾಪರೋಸ್ಕೋಪಿಯಿಂದ ಗರ್ಭದಲ್ಲೋ? ಈ ವಿಧಾನದಲ್ಲಿ, ನಮ್ಮಂಥದೇ ಕುರಿಗಳಲ್ಲಿ, ನೂರಕ್ಕೆ ಎಷ್ಟು ನಿಂತಿವೆ? ಟಗರಿಗೆ ಬ್ರುಸೆಲ್ಲಾ ಪರೀಕ್ಷೆ ಆಗಿದೆಯಾ, ಯಾಕೆಂದರೆ ಕಂದು ಹಾಕಿಸುವ ಆ ರೋಗ ವೀರ್ಯದಿಂದಲೂ ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ. ನಲವತ್ತು ದಿನಕ್ಕೆ ಬಂದು ಸ್ಕ್ಯಾನ್ ಮಾಡಿ ಗಬ್ಬ ತೋರಿಸುತ್ತೀರಾ, ಅಲ್ಲಿಯವರೆಗೆ ಅರ್ಧ ದುಡ್ಡು ಬಾಕಿ ಇಡಬಹುದಾ? ದಿನವನ್ನೂ ನಾವೇ ಲೆಕ್ಕ ಹಾಕಿ ಹೇಳಬೇಕು. ಗಬ್ಬ ಸುಮಾರು 150 ದಿನ. ಜೂನ್ ಕೊನೆಗೆ ಮಾಡಿಸಿದರೆ ನವೆಂಬರ್ ಕೊನೆಗೆ, ಮುಂಗಾರಿನ ಹೊಲ ಖಾಲಿಯಾಗಿ ಕೂಳೆ ಸಿಗುವಾಗ, ಎಲ್ಲವೂ ಒಂದೇ ವಾರದಲ್ಲಿ ಮರಿ ಹಾಕುತ್ತವೆ. ನವೆಂಬರಿನಲ್ಲಿ ಮಾಡಿಸಿದರೆ ಏಪ್ರಿಲ್ ಬಿಸಿಲಿನಲ್ಲಿ, ಕೆರೆ ಒಣಗಿ ಮೇವಿಲ್ಲದಾಗ, ನೂರು ಮರಿ ಒಟ್ಟಿಗೆ ಹಾಲಿಗೆ ಬಾಯಿ ಬಿಡುತ್ತವೆ.